ವಾಸನೆ ಬರಲಿಲ್ಲ ಎಂದು ಸಹಿ ಹಾಕಿದ ಮೂಗು

ಸಭೆಯಲ್ಲಿ ಬಾಯಿ ಬಿಡುವ ಅಭ್ಯಾಸ ನನಗಿಲ್ಲ. ಹನ್ನೊಂದು ವರ್ಷದಿಂದ ಈ ಈಜುಕೊಳದ ಸ್ಟೋರ್ ನೋಡಿಕೊಳ್ಳುತ್ತಿದ್ದೇನೆ. ಟವೆಲ್ಲು, ಪೊರಕೆ, ಬ್ಲೀಚು, ಆಸಿಡ್ ಕ್ಯಾನುಗಳ ಜೊತೆ ಕಿಟಕಿ ಇಲ್ಲದ ಒಂದು ಕೋಣೆಯಲ್ಲಿ ಕೂತವನಿಗೆ ಮಾತು ಅಷ್ಟಾಗಿ ಬೇಕಾಗುವುದಿಲ್ಲ. ಅವತ್ತು ನಾನು ಮಾತಾಡಿದೆ ಎಂದರೆ ಅದಕ್ಕೆ ಕಾರಣ ಫ್ಯಾನು.

ವರ್ಷಕ್ಕೊಮ್ಮೆ ಕೊಳ ಒಂದು ವಾರ ಮುಚ್ಚಿ ತೊಳೆಯುತ್ತೇವೆ. ಹೆಂಗಸರು ಬಟ್ಟೆ ಬದಲಿಸುವ ಕೋಣೆಯ ಟೈಲ್ಸಿನ ಮೇಲೆ ಬಿಳಿ ಪೊರೆ ಕಟ್ಟಿಕೊಂಡಿರುತ್ತದೆ. ಅದು ಆಸಿಡ್ಡಿನ ಮಾತು ಬಿಟ್ಟರೆ ಬೇರೆ ಯಾರ ಮಾತೂ ಕೇಳುವುದಿಲ್ಲ. ಆ ಕೋಣೆಗೂ ಕಿಟಕಿ ಇಲ್ಲ. ಹೋದ ವರ್ಷ ಅಲ್ಲಿ ತೊಳೆದ ದೊಡ್ಡಕ್ಕ ನಾಲ್ಕು ದಿನ ಕೆಮ್ಮಿದ್ದರು. ದೊಡ್ಡಕ್ಕ ಎಂದರೆ ನಮ್ಮ ಸ್ವಚ್ಛತಾ ತಂಡದ ಹಿರಿಯರು, ಇಪ್ಪತ್ತು ವರ್ಷದ ಸರ್ವೀಸು, ಸ್ವಲ್ಪ ಉಬ್ಬಸ. ಈ ಸಲ ಕೆಲಸಕ್ಕೆ ಮುಂಚೆಯೇ ಹೆಡ್ ಆಫೀಸಿನಿಂದ ಕಾಗದ ಬಂತು: "ಸೂಕ್ತ ಶ್ವಾಸರಕ್ಷಣಾ ಸಾಧನವನ್ನು ಆಯ್ಕೆ ಮಾಡತಕ್ಕದ್ದು."

ಮ್ಯಾನೇಜರು ಸಭೆಯಲ್ಲಿ ಗಡ್ಡ ನೀವಿಕೊಳ್ಳುತ್ತಾ ಅದನ್ನು ಓದಿದರು. ನಾನು ಪಕ್ಕದಲ್ಲಿದ್ದ ಟಿಕೆಟ್ ಗುಮಾಸ್ತನ ಕಿವಿಯಲ್ಲಿ ಪಿಸುಗುಟ್ಟಿದೆ: "ಮಾಸ್ಕಲ್ಲಿ ಎಷ್ಟು ಥರ ಇವೆ ಅಂತ ಇವರಿಗೆ ಎಲ್ಲಿ ಗೊತ್ತು."

ಸರಿಯಾಗಿ ಅದೇ ಗಳಿಗೆಯಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ನನ್ನ ಪಿಸುಮಾತು ಕೊನೆಯ ಸಾಲಿನ ತನಕ ಸ್ಪಷ್ಟವಾಗಿ ಹೋಗಿ ಕೂತಿತು.

"ನಿಮಗೆ ಗೊತ್ತೇನ್ರಿ?" ಎಂದರು ಮ್ಯಾನೇಜರು.

"ಸ್ವಲ್ಪ, ಸಾರ್."

ಆ ದಿನದ ನಡಾವಳಿಯಲ್ಲಿ ಆ 'ಸ್ವಲ್ಪ' ಬರಲಿಲ್ಲ. "ಸ್ಟೋರ್ ಕೀಪರರಿಗೆ ವಿಷಯದಲ್ಲಿ ಪರಿಣತಿ ಇರುವುದರಿಂದ ಅವರನ್ನೇ ಶ್ವಾಸರಕ್ಷಣಾ ಹೊಣೆಗಾರರನ್ನಾಗಿ ನೇಮಿಸಲಾಯಿತು" ಎಂದು ಬಂತು. ಸಂಜೆಯೊಳಗೆ ನನ್ನ ಬಾಗಿಲ ಮೇಲೆ 'ಶ್ವಾಸರಕ್ಷಣಾ ಹೊಣೆಗಾರರು' ಎಂಬ ಕಾಗದದ ಬೋರ್ಡು ಅಂಟಿತು. ಹನ್ನೊಂದು ವರ್ಷದಲ್ಲಿ ಆ ಬಾಗಿಲ ಮೇಲೆ 'ತಳ್ಳಿ' ಎನ್ನುವುದನ್ನು ಬಿಟ್ಟು ಬೇರೇನೂ ಬರೆದಿರಲಿಲ್ಲ. ನಿಜ ಹೇಳಬೇಕೆಂದರೆ ನಾನು ಆಚೆ ನಿಂತು ಅದನ್ನು ಮೂರು ಸಲ ಓದಿದೆ.

ಮನೆಗೆ ಬಂದವನು ಬಾಗಿಲಲ್ಲೇ ಎಂದಿನಂತೆ "ಏನೇ, ಘಮಘಮ ಅಂತಿದೆ" ಎಂದು ಚಪ್ಪಲಿ ಬಿಟ್ಟು ಹೆಂಡತಿಗೆ ಸುದ್ದಿ ಹೇಳಿದೆ.

"ನಿಮಗೆ ಮಾಸ್ಕಿನ ವಿಷಯ ಏನು ಗೊತ್ತು?" ಎಂದಳು ಅವಳು.

"ಥರಥರದ್ದು ಇವೆ ಅಂತ ಗೊತ್ತು."

"ಯಾವ ಥರ?"

ಮನೆಯವರು ಇಂಥ ಪ್ರಶ್ನೆ ಕೇಳಬಾರದು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮಾರನೆಯ ದಿನ ಅಂಗಡಿಗೆ ಹೋದೆ. ಹೆಲ್ಮೆಟ್ಟು, ಗಮ್‌ಬೂಟು, ಕೈಗವಸು ಮಾರುವ ಅಂಗಡಿ. ಅಂಗಡಿಯವನು ಎರಡು ಮಾಸ್ಕು ಮೇಜಿನ ಮೇಲಿಟ್ಟ. ಒಂದು ಬಿಳಿ, ಹಗುರ, ಬಟ್ಟಲಿನ ಆಕಾರದ್ದು. ಇನ್ನೊಂದು ರಬ್ಬರಿನದು, ಎರಡು ಕೆನ್ನೆಗೆ ಎರಡು ಡಬ್ಬಿ. ಹಾಕಿಕೊಂಡರೆ ಮನುಷ್ಯ ಯಾವುದೋ ದೊಡ್ಡ ಕೀಟದ ಥರ ಕಾಣುತ್ತಾನೆ.

"ಯಾವ ಕೆಲಸಕ್ಕೆ ಸಾರ್?"

ಹೊಣೆಗಾರನಾದವನು ಅಂಗಡಿಯವನ ಹತ್ತಿರ ಪಾಠ ಹೇಳಿಸಿಕೊಳ್ಳುವುದು ಚೆನ್ನಾಗಿರುವುದಿಲ್ಲ. "ಎಲ್ಲ ಕೆಲಸಕ್ಕೂ" ಎಂದೆ.

"ಹಾಗಲ್ಲ ಸಾರ್, ಧೂಳಿಗಾ, ಗ್ಯಾಸಿಗಾ? ಗ್ಯಾಸಾದ್ರೆ ಯಾವ ಗ್ಯಾಸು?"

"ಸಾಮಾನ್ಯ ಗ್ಯಾಸು."

ಅವನು ನನ್ನನ್ನು ಒಂದು ಕ್ಷಣ ನೋಡಿದ. "ಎರಡೂ ತಗೊಂಡು ಹೋಗಿ, ನೋಡಿ ಹೇಳಿ" ಎಂದ. ಡಬ್ಬಿ ಮಾಸ್ಕಿನ ಜೊತೆ ಹಾಸಿಗೆ ಹೊದಿಕೆಯಷ್ಟು ದೊಡ್ಡದಾಗಿ ಬಿಚ್ಚಿಕೊಳ್ಳುವ ಸೂಚನಾ ಪತ್ರವಿತ್ತು. ಅದನ್ನು ಆಮೇಲೆ ಓದಿದರಾಯಿತು ಎಂದು ಮಡಿಸಿ ಜೇಬಿಗಿಟ್ಟೆ. ಈ ಕಥೆಯ ಎಲ್ಲ ಅನರ್ಥಗಳೂ ಆ ಜೇಬಿನಲ್ಲಿದ್ದವು.

ಪರೀಕ್ಷೆಯನ್ನು ಮಾತ್ರ ನಾನು ಶಾಸ್ತ್ರೋಕ್ತವಾಗಿ ಮಾಡಿದೆ, ಅದರಲ್ಲಿ ಎರಡು ಮಾತಿಲ್ಲ. ಸ್ಟೋರಿನ ಬಾಗಿಲು ಹಾಕಿಕೊಂಡೆ. ಬಿಳಿ ಮಾಸ್ಕು ಹಾಕಿ, ಬ್ಲೀಚಿನ ಕ್ಯಾನಿನ ಮುಚ್ಚಳ ತೆಗೆದು ಬಗ್ಗಿ ಮೂಸಿದೆ. ವಾಸನೆ ಇಲ್ಲ. ಮುಚ್ಚಿ, ಆಮೇಲೆ ಆಸಿಡ್ ಕ್ಯಾನು. ವಾಸನೆ ಇಲ್ಲ. ಡಬ್ಬಿ ಮಾಸ್ಕು ಹಾಕಿ ಮತ್ತೆ ಎರಡನ್ನೂ ಮೂಸಿದೆ. ಆಗಲೂ ಇಲ್ಲ. ಇಷ್ಟಕ್ಕೇ ಬಿಡಲಿಲ್ಲ. ಮಾಸ್ಕನ್ನೇ ತೆಗೆದು ಮೂಸಿದೆ. ಆಗಲೂ ವಾಸನೆ ಬರಲಿಲ್ಲ. ಒಳ್ಳೆಯ ಮಾಸ್ಕಿನ ಪರಿಣಾಮ ಅದನ್ನು ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆಯುವಾಗ ಕಣ್ಣಿನಿಂದ ನೀರು ಧಾರೆಯಾಗಿ ಹರಿಯಿತು. ಇಷ್ಟು ವರ್ಷದ ಮೇಲೆ ಒಂದು ಹೊಣೆ ಹೆಗಲಿಗೆ ಬಂದಾಗ ಯಾರ ಕಣ್ಣಾದರೂ ತುಂಬುತ್ತದೆ ಎಂದುಕೊಂಡೆ.

ಫಲಿತಾಂಶ: ಎರಡೂ ಸಮ. ಸಮವಾದ ಮೇಲೆ ಹಗುರವಾದದ್ದೇ ಮೇಲು. ನಾಲ್ಕು ಜನರಿಗೆ ಬಿಳಿ ಮಾಸ್ಕು ಎಂದು ವರದಿ ಬರೆದು ಸಹಿ ಹಾಕಿದೆ.

ತರಿಸಿ ಕೊಡುವಾಗ ದೊಡ್ಡಕ್ಕ ಅದನ್ನು ಹಾಕಿಕೊಂಡು, ಸ್ಟೋರಿನೊಳಗೆ ಒಂದು ಹೆಜ್ಜೆಯಿಟ್ಟು, ತಕ್ಷಣ ಆಚೆ ಬಂದರು.

"ಸ್ಟೋರಣ್ಣ, ಇದ್ರೊಳಗೂ ವಾಸನೆ ಬರ್ತದಲ್ಲ."

"ಅದು ವಾಸನೆ ಅಲ್ಲ ದೊಡ್ಡಕ್ಕ, ನೆನಪು. ಇಪ್ಪತ್ತು ವರ್ಷದ್ದು ನಿಮ್ಮ ಮೂಗಲ್ಲಿ ಕೂತ್ಬಿಟ್ಟಿದೆ. ನಾನೇ ಪರೀಕ್ಷೆ ಮಾಡಿದೀನಿ."

ಅವರು ಮಾಸ್ಕನ್ನು ತಿರುಗಿಸಿ ತಿರುಗಿಸಿ ನೋಡಿದರು. "ನೀವು ಪರೀಕ್ಷೆ ಮಾಡಿದೀರಾ ಅಂದ್ರೆ ಸರಿ ಬಿಡಿ" ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಕೆಲಸ ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಎಂದು ಗೊತ್ತಾಯಿತು.

ಆ ಬೆಳಿಗ್ಗೆ ಹೆಂಡತಿ ಮಗಳನ್ನು ಶಾಲೆಯ ಬಸ್ಸು ಹತ್ತಿಸಲು ಕೆಳಗೆ ಹೊರಟಳು. "ಹಾಲಿಟ್ಟಿದೀನಿ, ನೋಡ್ಕೊಳ್ಳಿ" ಎಂದಳು. ನಾನು ಆವತ್ತು ಹತ್ತು ಗಂಟೆಗೆ ಹೋದರೆ ಸಾಕಿತ್ತು. ಒಲೆಯ ಪಕ್ಕದ ಸ್ಟೂಲಿನ ಮೇಲೆ, ಒಲೆಗೆ ಬೆನ್ನು ಮಾಡಿ ಕೂತು, ಜೇಬಿನಿಂದ ಸೂಚನಾ ಪತ್ರ ತೆಗೆದೆ. ಮೊದಲ ಪುಟ ಅಂಗಡಿಯ ವಿಳಾಸ. ಎರಡನೆಯ ಪುಟ ಡಬ್ಬಿ ತಿರುಗಿಸುವ ಚಿತ್ರ. ಮೂರನೆಯ ಪುಟಕ್ಕೆ ಬರುವ ಹೊತ್ತಿಗೆ ಯಾರೋ ಬಾಗಿಲು ಒಡೆಯುವಂತೆ ಬಡಿದರು.

ತೆಗೆದರೆ ಮೇಲಿನ ಮನೆಯ ನಿವೃತ್ತ ಮೇಷ್ಟ್ರು, ಎದುರುಮನೆ ಟೈಲರ್, ಅವರ ಹಿಂದೆ ಮರಳಿನ ಬಕೆಟ್ಟು ಹಿಡಿದ ವಾಚ್‌ಮನ್.

"ಏನ್ರೀ ಸುಡ್ತಿದೀರಿ ಒಳಗೆ?" ಎಂದರು ಮೇಷ್ಟ್ರು.

"ಏನೂ ಇಲ್ವಲ್ಲ ಸಾರ್. ಓದ್ತಾ ಕೂತಿದ್ದೆ."

"ಮೂರನೇ ಮಹಡಿ ತನಕ ವಾಸನೆ ಬಂದಿದೆ."

"ಇಲ್ಲಿಂದ ಇರಲಿಕ್ಕಿಲ್ಲ ಸಾರ್. ಇಲ್ಲಿ ಏನೂ ವಾಸನೆ ಇಲ್ಲ."

ಟೈಲರ್ ನನ್ನ ಹೆಗಲು ಹಿಡಿದು ಹಿಂದಕ್ಕೆ ತಿರುಗಿಸಿದ. ಅಡುಗೆಮನೆಯಿಂದ ಕಪ್ಪು ಹೊಗೆ ಸಾವಕಾಶವಾಗಿ ನಮ್ಮ ಕಡೆ ನಡೆದು ಬರುತ್ತಿತ್ತು.

ವಾಚ್‌ಮನ್ ಒಲೆ ಆರಿಸಿ, ತಂದ ಮೇಲೆ ಸುಮ್ಮನೆ ಒಯ್ಯುವುದು ಬೇಡವೆಂದು ಪಾತ್ರೆಗೆ ಮರಳನ್ನೂ ಸುರಿದ. ಅಷ್ಟರಲ್ಲಿ ಹೆಂಡತಿ ಮೂಗಿಗೆ ಸೆರಗು ಒತ್ತಿಕೊಂಡು ಮೆಟ್ಟಿಲು ಹತ್ತಿ ಬಂದಳು.

"ರಸ್ತೆ ತನಕ ಬರ್ತಿದೆ ಸೀದ ವಾಸನೆ. ಪಕ್ಕದಲ್ಲೇ ಕೂತು ನಿಮಗೆ ಗೊತ್ತಾಗ್ಲಿಲ್ವಾ?"

"ಯಾವ ವಾಸನೆ?" ಎಂದೆ.

ಹೆಂಡತಿ ಸೆರಗು ಇಳಿಸಿ ನನ್ನನ್ನೇ ನೋಡಿದಳು. ಒಳಗೆ ಹೋಗಿ ಕಾಫಿಪುಡಿ ಡಬ್ಬಿ ತಂದು ನನ್ನ ಮೂಗಿನ ಕೆಳಗೆ ಹಿಡಿದಳು. "ಇದೇನು?"

"ಕಾಫಿಪುಡಿ."

"ಕಣ್ಣು ಮುಚ್ಚಿ ಹೇಳಿ." ಕಣ್ಣು ಮುಚ್ಚಿದೆ. ಏನನ್ನೋ ಹಿಡಿದಳು. "ಇದು?"

"ಕಾಫಿಪುಡಿ."

"ಬೆಳ್ಳುಳ್ಳಿ" ಎಂದಳು.

ಆಮೇಲೆ ನಮ್ಮ ಕಟ್ಟಡದವರಿಗೆಲ್ಲ ಉತ್ಸಾಹ ಬಂತು. ಟೈಲರ್ ಮೆಷಿನ್ ಎಣ್ಣೆ ತಂದ. ಮೇಷ್ಟ್ರು ಮಂಡಿನೋವಿನ ಮುಲಾಮು ತಂದು, ಅದು ಸತ್ತವರನ್ನೂ ಎಬ್ಬಿಸುತ್ತದೆ ಎಂದು ಭರವಸೆ ಕೊಟ್ಟರು. ವಾಚ್‌ಮನ್ ಮುಜುಗರದಿಂದ ತನ್ನ ಬೂಟಿನ ಕಡೆ ನೋಡಿದ. "ತೆಗಿಯಪ್ಪ, ಇದೂ ಒಂದು ಪರೀಕ್ಷೆಯೇ" ಎಂದರು ಮೇಷ್ಟ್ರು. ಅವನು ತೆಗೆದಾಗ ಎಲ್ಲರೂ ಎರಡು ಮೆಟ್ಟಿಲು ಹಿಂದೆ ಸರಿದರು. ನಾನೊಬ್ಬನೇ ಬೂಟಿನ ಮುಂದೆ ಋಷಿಯಂತೆ ನಿಂತಿದ್ದೆ.

"ಪೂರ್ತಿ ಹೋಗಿದೆ" ಎಂದು ಮೇಷ್ಟ್ರು ತೀರ್ಪು ಕೊಟ್ಟರು. "ಸೊನ್ನೆ."

ಟೈಲರ್ ತಲೆ ಕೆರೆದುಕೊಂಡ. "ಅಲ್ಲ ಸ್ಟೋರ್‌ನೋರೇ, ನಿನ್ನೆ ಮಾಸ್ಕು ಮೂಸಿ ಮೂಸಿ ಆರಿಸಿದೆ ಅಂದ್ರಲ್ಲ. ಅದನ್ನ ಹೆಂಗೆ ಮೂಸಿದ್ರಿ?"

ನನ್ನ ಕೈಯಲ್ಲಿ ಸೂಚನಾ ಪತ್ರದ ಮೂರನೆಯ ಪುಟ ಇನ್ನೂ ಇತ್ತು. ದಪ್ಪ ಅಕ್ಷರದಲ್ಲಿ ಬರೆದಿತ್ತು: ಬಟ್ಟಲಿನ ಆಕಾರದ ಧೂಳಿನ ಮಾಸ್ಕು ಆಸಿಡ್ ಆವಿಯನ್ನಾಗಲಿ ಕ್ಲೋರಿನ್ ಗ್ಯಾಸನ್ನಾಗಲಿ ತಡೆಯುವುದಿಲ್ಲ.

ಗಡಿಯಾರ ನೋಡಿದೆ. ಎಂಟೂ ನಲವತ್ತು. ಒಂಬತ್ತಕ್ಕೆ ಇನ್ನು ಇಪ್ಪತ್ತೇ ನಿಮಿಷ.

ಫೋನ್ ಮಾಡಿದೆ. ದೊಡ್ಡಕ್ಕನ ಫೋನು ರಿಂಗಾಯಿತು, ಯಾರೂ ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ಹಿಂದೊಮ್ಮೆ ಯಾರದೋ ಫೋನು ಕೊಳಕ್ಕೆ ಬಿದ್ದ ಮೇಲೆ ಬೆಳಿಗ್ಗೆ ಬಂದ ಕೂಡಲೇ ಎಲ್ಲರ ಫೋನೂ ಒಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕೆಂದು ನಿಯಮವಾಗಿತ್ತು. ನಿಯಮ ಬರೆದವರು ಮ್ಯಾನೇಜರು. ಅವರದೂ ಅದೇ ಪೆಟ್ಟಿಗೆಯಲ್ಲಿತ್ತು. ಕೊನೆಗೆ ಅಗ್ನಿಶಾಮಕ ದಳಕ್ಕೇ ಮಾಡಿ, "ಈಜುಕೊಳ, ಆಸಿಡ್ಡು, ಕಿಟಕಿ ಇಲ್ಲ, ಮಾಸ್ಕು ತಪ್ಪು, ತಪ್ಪು ನಂದು" ಎಂದೆ. ಆ ಕಡೆಯವರು ನಿಧಾನವಾಗಿ ಮತ್ತೊಮ್ಮೆ ಹೇಳಿ ಎಂದರು. ಮತ್ತೊಮ್ಮೆಯೂ ಅದೇ ಕ್ರಮದಲ್ಲಿ ಹೇಳಿದೆ.

"ಹತ್ತಿ" ಎಂದ ಟೈಲರ್, ಸ್ಕೂಟರು ಚಾಲೂ ಮಾಡುತ್ತಾ.

ಅಂಗಡಿಗೆ ವಾಪಸು ಕೊಡಬೇಕೆಂದು ತಂದಿದ್ದ ಡಬ್ಬಿ ಮಾಸ್ಕು ಮನೆಯಲ್ಲಿತ್ತು, ಎತ್ತಿಕೊಂಡು ಹತ್ತಿದೆ. ಒಳಗೆ ಹೋಗಬೇಕಾಗಿ ಬಂದರೆ ಸಮಯ ಹಾಳಾಗಬಾರದೆಂದು ದಾರಿಯಲ್ಲೇ ಹಾಕಿಕೊಂಡೆ. ಕೂಡುರಸ್ತೆಯಲ್ಲಿ ಟ್ರಾಫಿಕ್ ಪೊಲೀಸು ಕೈ ಅಡ್ಡ ಹಿಡಿದರು.

"ಏನ್ರೀ ವೇಷ? ಯಾವ ಬ್ಯಾಂಕಿಗೆ ಹೊರಟ್ರಿ?"

"ಆಸಿಡ್ಡು ಸಾರ್" ಎಂದ ಟೈಲರ್. "ಗ್ಯಾಸು. ಒಳಗೆ ಹೆಂಗಸರಿದಾರೆ."

ಪೊಲೀಸರು ನನ್ನ ಮುಖ ನೋಡಿದರು, ಡಬ್ಬಿ ನೋಡಿದರು, ಜೇಬಿನಿಂದ ಕರವಸ್ತ್ರ ತೆಗೆದು ತಮ್ಮ ಮೂಗಿಗೆ ಕಟ್ಟಿಕೊಂಡು, ನಾಲ್ಕೂ ಕಡೆಯ ವಾಹನ ನಿಲ್ಲಿಸಿ ನಮಗಷ್ಟೇ ದಾರಿ ಬಿಟ್ಟರು. ಹಿಂತಿರುಗಿ ನೋಡಿದರೆ ಬಸ್ಸಿನ ಕಿಟಕಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಬೇರೆ ದಿನವಾಗಿದ್ದರೆ ಆ ಗೌರವವನ್ನು ಅನುಭವಿಸುತ್ತಿದ್ದೆ. ಅವತ್ತು ನನ್ನ ಕಣ್ಣ ಮುಂದೆ ಇದ್ದದ್ದು ಮಾಸ್ಕು ತಿರುಗಿಸಿ ತಿರುಗಿಸಿ ನೋಡುತ್ತಿದ್ದ ದೊಡ್ಡಕ್ಕನ ಕೈ.

ಒಂಬತ್ತೂ ಎಂಟು. ಕೊಳದ ಗೇಟಿನಲ್ಲಿ ನಮಗಿಂತ ಮುಂಚೆ ಅಗ್ನಿಶಾಮಕ ಗಾಡಿ ನಿಂತಿತ್ತು. ಅಷ್ಟು ಹೊತ್ತಿಗಾಗಲೇ ಜನ ಸೇರಿದ್ದರು. ಒಳಗೆ ಇಬ್ಬರು ತೀರಿಹೋದರಂತೆ ಎಂದು ಒಬ್ಬ, ಆರು ಜನವಂತೆ ಎಂದು ಇನ್ನೊಬ್ಬ. ಜನರನ್ನು ತಳ್ಳಿಕೊಂಡು ಒಳಗೆ ಓಡಿದೆ. ಟಿಕೆಟ್ ಕೌಂಟರ್ ದಾಟಿದೆ, ಬರಿದಾದ ಕೊಳ ದಾಟಿದೆ, ಹೆಂಗಸರ ಕೋಣೆಯ ತಿರುವಿಗೆ ಬಂದೆ.

ಮೆಟ್ಟಿಲ ಮೇಲೆ ನಾಲ್ಕು ಜನ ಸಾಲಾಗಿ ಕೂತಿದ್ದರು. ನಡುವೆ ದೊಡ್ಡಕ್ಕ. ಹಿಂದೆ ಬಾಗಿಲಿಗೆ ಬೀಗ.

ನನ್ನ ಮುಖದ ಮೇಲಿನ ಡಬ್ಬಿಗಳನ್ನು ನೋಡಿ ಒಬ್ಬಳು ಎದ್ದು ನಿಂತಳು. "ಯಾರದು?"

"ನಮ್ಮ ಸ್ಟೋರಣ್ಣ" ಎಂದರು ದೊಡ್ಡಕ್ಕ. "ಚಪ್ಪಲಿ ನೋಡು, ಗೊತ್ತಾಗಲ್ವಾ."

ನಾನು ಮಾಸ್ಕು ಕಿತ್ತು ಅಲ್ಲೇ ಕುಸಿದು ಕೂತೆ. "ಒಳಗೆ ಹೋಗ್ಲಿಲ್ವಾ ದೊಡ್ಡಕ್ಕ?"

"ಹೆಂಗೆ ಹೋಗೋದು? ಕೀ ಕಳೆದುಹೋಗಿದೆ" ಎಂದರು ಜೋರಾಗಿ. ಆಮೇಲೆ ದನಿ ತಗ್ಗಿಸಿ ಸೊಂಟದ ಗಂಟು ತೋರಿಸಿದರು. ಕೀ ಅಲ್ಲೇ ಇತ್ತು. "ನಿನ್ನೆ ಸಂಜೆ ಮನೆಗೆ ಹೋಗಿ ಮಾಸ್ಕು ಹಾಕ್ಕೊಂಡು ಕೂತೆ. ಪಕ್ಕದ ಮನೇಲಿ ಏನು ಹುರೀತಿದಾರೆ ಅಂತೆಲ್ಲ ಗೊತ್ತಾಯ್ತು. ಹುರಿಯೋದು ಒಳಗೆ ಬಂದ್ರೆ ಆಸಿಡ್ಡು ಬರದೆ ಇರುತ್ತಾ?"

"ಅದನ್ನ ಮ್ಯಾನೇಜರಿಗೆ ಹೇಳ್ಬೇಕಿತ್ತಲ್ಲ."

"ನೀವು ಸಹಿ ಹಾಕಿದ್ರಲ್ಲಣ್ಣ. ಇಷ್ಟು ವರ್ಷಕ್ಕೆ ಬಾಗಿಲ ಮೇಲೆ ಒಂದು ಬೋರ್ಡು ಬಂದಿದೆ, ನಾನ್ಯಾಕೆ ಕಿತ್ತುಹಾಕ್ಲಿ? ಕೀ ಕಳೆದ್ರೆ ಯಾರ ಮರ್ಯಾದೆನೂ ಹೋಗಲ್ಲ ಅಂತ ಕಳೆದೆ."

"ಮ್ಯಾನೇಜರು ಎಲ್ಲಿ?"

"ಹುಡುಕ್ತಿದಾರೆ. ಪಾಪ."

ಆ ಹೊತ್ತಿಗೆ ಮ್ಯಾನೇಜರು ಬಂದರು. ಜನ ಮರೆತು ಹೋದ ಈಜುಡುಗೆಗಳ ಪೆಟ್ಟಿಗೆಯನ್ನೆಲ್ಲ ತಡಕಾಡಿದ್ದರಿಂದ ಅವರ ತೋಳಿನ ಮೇಲೆ ಯಾರದೋ ಸಣ್ಣ ಚಡ್ಡಿ ಜೋತಾಡುತ್ತಿತ್ತು. ಅವರ ಜೊತೆ ಅಗ್ನಿಶಾಮಕ ದಳದ ಅಧಿಕಾರಿ. ಎತ್ತರದ ಹೆಂಗಸು, ಮೆತ್ತಗಿನ ದನಿ.

"ಸ್ಟೋರಿನ ಡ್ರಾಯರಲ್ಲಿ ಇನ್ನೊಂದು ಕೀ ಇರ್ಬೇಕು, ತೆಗೀರಿ" ಎಂದು ಮ್ಯಾನೇಜರು ನನ್ನನ್ನು ನೋಡಿದ ತಕ್ಷಣ ಹೇಳಿದರು.

"ತೆಗಿಯಲ್ಲ ಸಾರ್" ಎಂದೆ. ಹನ್ನೊಂದು ವರ್ಷದಲ್ಲಿ ನಾನು ಅವರಿಗೆ ಹೇಳಿದ ಮೊದಲ 'ಇಲ್ಲ' ಅದು. ಅವರಿಗಿಂತ ನನಗೇ ಹೆಚ್ಚು ಗಾಬರಿಯಾಯಿತು.

ಅಧಿಕಾರಿ ದೊಡ್ಡಕ್ಕನ ಸೊಂಟದಿಂದ ಬಿಳಿ ಮಾಸ್ಕು ತೆಗೆದುಕೊಂಡು ನೋಡಿದರು. "ಇದನ್ನ ಆರಿಸಿದ್ದು ಯಾರು?"

ಮ್ಯಾನೇಜರು, ಟಿಕೆಟ್ ಗುಮಾಸ್ತ, ಟೈಲರ್, ಎಲ್ಲರ ಬೆರಳೂ ಒಂದೇ ಕಡೆ ತಿರುಗಿತು. ನಾನೂ ನನ್ನ ಕಡೆಗೇ ತೋರಿಸಿಕೊಂಡೆ.

"ಹೇಗೆ ಪರೀಕ್ಷೆ ಮಾಡಿದ್ರಿ?"

"ಮೂಸಿ, ಮೇಡಂ. ವಾಸನೆ ಬರಲಿಲ್ಲ. ನನಗೆ ವಾಸನೆಯೇ ಬರೋದಿಲ್ಲ ಅಂತ ಇವತ್ತು ಬೆಳಿಗ್ಗೆ ಎಂಟೂವರೆಗೆ ಗೊತ್ತಾಯ್ತು."

"ಬೂಟಿಗೂ ಬರಲಿಲ್ಲ" ಎಂದು ಟೈಲರ್ ಸಾಕ್ಷಿ ನುಡಿದ.

ಅಧಿಕಾರಿ ನಗಲಿಲ್ಲ. "ಮೂಗು ಚೆನ್ನಾಗಿದ್ರೂ ಇದು ಪರೀಕ್ಷೆ ಅಲ್ಲ" ಎಂದರು. "ಇದು ಧೂಳಿಗೆ. ಗ್ಯಾಸಿಗೆ ಇದು ತೆರೆದ ಬಾಗಿಲಿದ್ದ ಹಾಗೆ. ಆಸಿಡ್ಡಿಗೆ ಆಗೋ ಡಬ್ಬಿ ಯಾವುದು ಅಂತ ಕ್ಯಾನಿನ ಮೇಲಿನ ಚೀಟಿ ನೋಡಿ, ಅಂಗಡಿಯವನ ಹತ್ತಿರ ಗ್ಯಾಸಿನ ಹೆಸರು ಹೇಳಿ ಕೇಳಬೇಕು. ವಾಸನೆ ಬಂದ ಮೇಲೆ ಡಬ್ಬಿ ಬದಲಾಯಿಸ್ತೀನಿ ಅಂತ ಕೂರೋ ಹಾಗೂ ಇಲ್ಲ, ಲೆಕ್ಕದ ಪ್ರಕಾರ ಮುಂಚೆನೇ ಬದಲಾಯಿಸಬೇಕು. ಉಬ್ಬಸ ಇರೋರನ್ನ ಡಾಕ್ಟರ ಕೇಳದೆ ಈ ಕೆಲಸಕ್ಕೆ ಕಳಿಸೋ ಹಾಗೇ ಇಲ್ಲ. ಅದಕ್ಕೂ ಮೊದಲು, ಕೋಣೆಗೆ ಗಾಳಿ ಆಡೋಕೆ ದಾರಿ ಮಾಡಿ."

"ಡಬ್ಬಿ ಮಾಸ್ಕು ತರಿಸೋಣ" ಎಂದರು ಮ್ಯಾನೇಜರು ಅವಸರದಿಂದ. "ನಾನೇ ಮುಂದೆ ನಿಂತು..."

"ಗಡ್ಡ ಇದ್ರೆ ಅದು ಮುಖಕ್ಕೆ ಕೂರಲ್ಲ ಸಾರ್. ಸಂದಿಯಿಂದ ಗ್ಯಾಸು ಒಳಗೆ ಬರುತ್ತೆ. ಬೋಳಿಸ್ಬೇಕು."

ಮ್ಯಾನೇಜರ ಕೈ ತಾನಾಗಿ ಗಡ್ಡಕ್ಕೆ ಹೋಯಿತು. "ಹಾಗಾದ್ರೆ ನಾನು ಹೊರಗಿನಿಂದ ಉಸ್ತುವಾರಿ ನೋಡ್ಕೋತೀನಿ" ಎಂದರು.

ಅಧಿಕಾರಿ ಸ್ಟೋರ್ ತೋರಿಸಿ ಎಂದರು. ಬಾಗಿಲು ತೆಗೆದೆ. ಅವರು ಹೊಸ್ತಿಲಲ್ಲೇ ನಿಂತು, ಒಂದು ಸಲ ಕೆಮ್ಮಿ, ಹಿಂದೆ ಸರಿದರು. ಆಸಿಡ್ಡೂ ಬ್ಲೀಚೂ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಇದ್ದವು. ಅವುಗಳ ಎದುರಿಗೆ ನನ್ನ ಮೇಜು, ಕುರ್ಚಿ, ಊಟದ ಡಬ್ಬಿ ಇಡುವ ಜಾಗ.

"ಇಲ್ಲಿ ಯಾರು ಕೂರೋದು?"

"ನಾನು."

"ಎಷ್ಟು ವರ್ಷದಿಂದ?"

"ಹನ್ನೊಂದು."

"ಮಾಸ್ಕು?"

"ನಾನು ಸ್ಟೋರಿನವನು ಮೇಡಂ. ತೊಳೆಯೋನಲ್ಲವಲ್ಲ."

ಟಿಕೆಟ್ ಗುಮಾಸ್ತ ಬಾಗಿಲ ಮೇಲಿನ ಬೋರ್ಡನ್ನು ಓದಿ ಬೇರೆ ಕಡೆ ನೋಡಿದ. ಮೂಗು ಹೋದದ್ದು ಇದರಿಂದಲೇ ಎಂದು ತಾನು ಹೇಳಲಾರೆ, ಅದನ್ನು ಡಾಕ್ಟರು ಹೇಳಬೇಕು ಎಂದರು ಅಧಿಕಾರಿ. ಆದರೆ ಆಸಿಡ್ಡೂ ಬ್ಲೀಚೂ ಬೆರೆತರೆ ಕ್ಲೋರಿನ್ ಗ್ಯಾಸು ಏಳುತ್ತದೆ, ಕ್ಯಾನುಗಳನ್ನು ಬೇರೆ ಬೇರೆ ಮಾಡುವ ತನಕ, ಗೋಡೆಯಲ್ಲಿ ಫ್ಯಾನು ಬರುವ ತನಕ ಈ ಕುರ್ಚಿಯಲ್ಲಿ ಯಾರೂ ಕೂರಬಾರದು ಎಂದು ಬರೆದು ಸಹಿ ಹಾಕಿದರು. ಸರಿಯಾದ ಸಹಿ ಹೇಗಿರುತ್ತದೆ ಎಂದು ನಾನು ಹತ್ತಿರದಿಂದ ನೋಡಿದೆ.

ದೊಡ್ಡಕ್ಕ ನನ್ನ ಕುರ್ಚಿಯನ್ನು ಒಂದೇ ಕೈಯಲ್ಲಿ ಎತ್ತಿ ತಂದು ಹೊರಗೆ ಕೊಳದ ದಂಡೆಯ ಮೇಲಿಟ್ಟರು. "ಕೂತ್ಕೊಳ್ಳಿ ಸ್ಟೋರಣ್ಣ. ಇಲ್ಲಿ ಗಾಳಿ ಚೆನ್ನಾಗಿದೆ." ಆಮೇಲೆ ಮ್ಯಾನೇಜರ ಕಡೆ ತಿರುಗಿ, "ಕೀ ಸಿಕ್ತು ಸಾರ್" ಎಂದರು.

ಮಧ್ಯಾಹ್ನ ಮನೆಗೆ ನಡೆದೇ ಬಂದೆ. ಬಾಗಿಲು ತಳ್ಳಿದವನು, ತಲೆ ಎಲ್ಲೋ ಇತ್ತು, ಬಾಯಿ ಮಾತ್ರ ತನ್ನ ಕೆಲಸ ಮಾಡಿತು: "ಏನೇ, ಘಮಘಮ ಅಂತಿದೆ."

ಅರ್ಧ ದಿನದ ಶಾಲೆ ಮುಗಿಸಿ ಬಂದಿದ್ದ ಮಗಳು ಪುಸ್ತಕದಿಂದ ತಲೆಯೆತ್ತಿದಳು. "ಅಪ್ಪಾ, ಅಮ್ಮ ಇನ್ನೂ ಅಡುಗೆನೇ ಮಾಡಿಲ್ಲ."

ಹೆಂಡತಿ ಅಡುಗೆಮನೆಯಲ್ಲಿ ಬೆನ್ನು ಮಾಡಿ ನಿಂತು, ಸೀದ ಹಾಲಿನ ಪಾತ್ರೆಯನ್ನು ಉಜ್ಜುತ್ತಿದ್ದಳು. ತಿರುಗಲಿಲ್ಲ. "ಇಷ್ಟು ವರ್ಷದಿಂದ ದಿನಾ ಬಾಗಿಲಲ್ಲಿ ಘಮಘಮ ಅಂತೀರಿ. ನಾನು ಅದನ್ನ ನಂಬ್ಕೊಂಡು ಒಗ್ಗರಣೆ ಹಾಕ್ತಿದ್ದೆ" ಎಂದಳು.

ಉತ್ತರ ಕೊಡಲು ಹತ್ತಿರ ಹೋದೆ. ಕಣ್ಣಿನಿಂದ ನೀರು ಹರಿಯತೊಡಗಿತು. ಈ ಸಲ ಅದನ್ನು ಹೊಣೆಯ ಲೆಕ್ಕಕ್ಕಾಗಲಿ, ಪಶ್ಚಾತ್ತಾಪದ ಲೆಕ್ಕಕ್ಕಾಗಲಿ ಹಾಕಲಿಲ್ಲ. ಸಿಂಕಿನ ಪಕ್ಕ ನೋಡಿದೆ. ಕಕ್ಕಸು ತೊಳೆಯುವ ಆಸಿಡ್ಡಿನ ಬಾಟಲಿ. ಅದರ ಪಕ್ಕ, ಅದು ಸಾಲದೆಂದು ತೆಗೆದಿಟ್ಟು ಇನ್ನೂ ಸುರಿಯದ ಬ್ಲೀಚಿನ ಬಾಟಲಿ. ಬೆಳಗಿನ ಹೊಗೆಗೆ ಬಂದ ಹಾಗೆ ಮೇಲಿನವರು ಮತ್ತೆ ಬಂದಾರೆಂದು ಕಿಟಕಿಗಳನ್ನೆಲ್ಲ ಹಾಕಿದ್ದಳು.

ಬ್ಲೀಚಿನ ಮುಚ್ಚಳ ಬಿಗಿದು ದೂರ ಇಟ್ಟೆ. ನಲ್ಲಿ ಬಿಟ್ಟೆ, ಕಿಟಕಿ ತೆಗೆದೆ, ಒಂದು ಕೈಯಲ್ಲಿ ಅವಳನ್ನೂ ಇನ್ನೊಂದು ಕೈಯಲ್ಲಿ ಮಗಳನ್ನೂ ಹಿಡಿದು ಆಚೆ ತಂದೆ. ಮೂವರೂ ಮೆಟ್ಟಿಲ ಮೇಲೆ ಕೂತೆವು. ಅವಳು ಎರಡು ಸಲ ಕೆಮ್ಮಿದಳು. ಎದುರುಮನೆ ಬಾಗಿಲು ಬೆರಳಿನಷ್ಟು ತೆರೆಯಿತು, ಮೇಲಿನಿಂದ ಮೇಷ್ಟ್ರು ಬಗ್ಗಿ ನೋಡಿದರು, ಕೆಳಗೆ ಬಕೆಟ್ಟಿನ ಸದ್ದಾಯಿತು.

"ವಾಸನೆ ಬರದವರಿಗೆ ಅದು ಹೆಂಗೆ ಗೊತ್ತಾಯ್ತು?" ಎಂದಳು ಹೆಂಡತಿ.

"ಕಣ್ಣುರಿ ಬಂತು. ಬಾಟಲಿ ಮೇಲಿನ ಚೀಟಿ ಓದಿದೆ."

ಅವಳು ಸೆರಗಿನಿಂದ ಮೊದಲು ತನ್ನ ಕಣ್ಣು, ಆಮೇಲೆ ನನ್ನ ಕಣ್ಣು ಒರೆಸಿದಳು.

"ನಾಳೆಯಿಂದ ಬಾಗಿಲಲ್ಲಿ ನಿಂತು ಘಮಘಮ ಅನ್ನೋದು ಬಿಟ್ಬಿಡಿ" ಎಂದಳು. ಸ್ವಲ್ಪ ತಡೆದು, "ಬೇಡ, ಬಿಡ್ಬೇಡಿ. ಮೊದಲು ಅಡುಗೆಮನೆಗೆ ಬಂದು, ಒಲೆ ಮೇಲೆ ಏನಿದೆ ಅಂತ ಕಣ್ಣಲ್ಲಿ ನೋಡಿ, ಆಮೇಲೆ ಅನ್ನಿ."